ಸೇವೆಯ ಮನಸ್ಸಿಗೆ ವೃತ್ತಿಯ ಶಿಸ್ತು

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಪದವಿ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಮಾಜಕಾರ್ಯ ವೃತ್ತಿಯನ್ನು ಪರಿಚಯಿಸಲು ಗದುಗಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಎಂ.ಎಸ್.ಡಬ್ಲ್ಯು. ಓದುತ್ತೇನೆ ಎಂದು ನೀವು ಮನೆಯಲ್ಲಿ ಹೇಳಿದರೆ ಏನು ಉತ್ತರ ಬರುತ್ತದೆ ಎಂಬುದು ನನಗೆ ಗೊತ್ತು. ಮೂರು ದಶಕ ಈ ವಿಷಯವನ್ನು ಪಾಠ ಮಾಡಿದವನು ನಾನು. ಪ್ರತಿ ವರ್ಷ ಹೊಸ ತರಗತಿಯಲ್ಲಿ ಹುಡುಗರು ಅವೇ ಎರಡು ಮಾತು ಹೊತ್ತು ತರುತ್ತಿದ್ದರು. 'ಸಮಾಜಸೇವೆ ಮಾಡಲಿಕ್ಕೆ ಪದವಿ ಯಾಕೆ ಬೇಕು? ಮನಸ್ಸಿದ್ದರೆ ಸಾಕಲ್ಲ' ಎನ್ನುವುದು ಅಪ್ಪನ ಮಾತು. 'ಸೇವೆ ಮಾಡಿ ಪಗಾರ ತಗೊಳ್ಳೋದು ಸರಿಯೇನು?' ಎನ್ನುವುದು ಅಜ್ಜನ ಮಾತು. ಇವೆರಡನ್ನೂ ನಕ್ಕು ಬಿಟ್ಟುಬಿಡುವಂತಿಲ್ಲ. ಎರಡೂ ನಮ್ಮ ಸಂಸ್ಕೃತಿಯ ಒಳಗಿನಿಂದಲೇ ಬಂದ ಪ್ರಶ್ನೆಗಳು. ಇವತ್ತು ಈ ಎರಡಕ್ಕೆ ಉತ್ತರ ಹೇಳಿ, ಕೊನೆಗೆ ಇಲ್ಲಿ ಕುಳಿತ ಹಿರಿಯರಲ್ಲಿ ಒಂದು ವಿನಂತಿ ಮಾಡಿ ನನ್ನ ಮಾತು ಮುಗಿಸುತ್ತೇನೆ.

ಮೊದಲು ಅಪ್ಪನ ಪ್ರಶ್ನೆ. ನಮ್ಮ ಭಾಗದಲ್ಲಿ ಮಳೆಗೆ ಬರ ಬಂದಿದೆ, ಕರುಣೆಗೆ ಬರ ಬಂದಿಲ್ಲ. ಗದುಗಿನ ತೋಂಟದಾರ್ಯ ಮಠಕ್ಕೆ, ಮುಂಡರಗಿಯ ಅನ್ನದಾನೀಶ್ವರ ಮಠಕ್ಕೆ, ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಸಿದು ಬಂದವರಿಗೆ ಅನ್ನ ಸಿಗುತ್ತದೆ. ಆದರೆ ಹಸಿವು ಮುಖದ ಮೇಲೆ ಕಾಣುವ ಕಷ್ಟ. ಎಲ್ಲ ಕಷ್ಟಗಳೂ ಹಾಗೆ ಕಾಣುವುದಿಲ್ಲ. ಗಂಡನ ಹೊಡೆತ ತಿನ್ನುವ ಹೆಣ್ಣುಮಗಳು, ಸಾಲದ ಕಂತು ಕಟ್ಟಲಾರದೆ ನಿದ್ದೆಗೆಟ್ಟ ನೇಕಾರ, ಮನಸ್ಸು ಕದಡಿದ ಮಗನನ್ನು ಕೋಣೆಯಲ್ಲಿ ಮುಚ್ಚಿಟ್ಟ ತಾಯಿ, ಇವರೂ ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡು ಎದ್ದು ಹೋಗುತ್ತಾರೆ. ಅವರ ಕಷ್ಟ ಅವರ ಜೊತೆಗೇ ಹೋಗುತ್ತದೆ.

ಅಂಥ ಕಷ್ಟವನ್ನು ಕೇಳಿಸಿಕೊಳ್ಳಬೇಕು. ಅದರ ಕಾರಣ ಹುಡುಕಬೇಕು. ಯಾವ ಕಾನೂನು, ಯಾವ ಕಚೇರಿ, ಯಾವ ವೈದ್ಯ ಎಂಬುದು ತಿಳಿದಿರಬೇಕು. ಆ ಮನುಷ್ಯ ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ಜೊತೆಗಿದ್ದು, ನಿಂತ ಮೇಲೆ ಹಿಂದೆ ಸರಿಯಬೇಕು. ಇದಕ್ಕೆ ಮನಸ್ಸು ಬೇಕೇಬೇಕು, ಮನಸ್ಸಿನ ಜೊತೆಗೆ ತರಬೇತಿಯೂ ಬೇಕು. ಆ ತರಬೇತಿಯ ಹೆಸರು ಸಮಾಜಕಾರ್ಯ.

ಸಹಾಯಕ್ಕೆ ಶಿಸ್ತು ಬೇಕು ಎಂಬ ವಿಚಾರ ನಮ್ಮ ಜಿಲ್ಲೆಗೆ ಹೊಸದಲ್ಲ. ಇಲ್ಲಿಂದ ಕೆಲವೇ ಮೈಲಿ ದೂರದ ಕಣಗಿನಹಾಳಕ್ಕೆ ಹೋಗಿ ನೋಡಿ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಆ ಹಳ್ಳಿಯ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಅದು ಹೆಸರಾಗಿದೆ. ಕಷ್ಟದಲ್ಲಿರುವ ರೈತನಿಗೆ ಗೌಡರು ನಾಲ್ಕು ಚೀಲ ಜೋಳ ಕೊಟ್ಟು ಕಳಿಸಬಹುದಿತ್ತು. ಅದನ್ನು ಎಲ್ಲ ಊರಿನ ಗೌಡರೂ ಮಾಡುತ್ತಿದ್ದರು. ಅವರು ಸದಸ್ಯತ್ವ, ಷೇರು, ಲೆಕ್ಕದ ಪುಸ್ತಕ, ಸಭೆ ಇವನ್ನೆಲ್ಲ ತಂದರು. ಅಲ್ಲಿಂದ ರೈತ ಬೇಡುವವನಾಗಿ ಉಳಿಯಲಿಲ್ಲ, ಸಂಘದ ಸದಸ್ಯನಾದ.

ಇದೇ ಊರಿನ ವೀರೇಶ್ವರ ಪುಣ್ಯಾಶ್ರಮ ಇನ್ನೊಂದು ಉದಾಹರಣೆ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಅಂಧ ಮಕ್ಕಳಿಗೆ ಅವರು ಅನ್ನ ಹಾಕಿದರು, ಅದರ ಜೊತೆಗೆ ಸಂಗೀತ ಕಲಿಸಿದರು. ಕಲಿತವರು ಗಾಯಕರಾದರು, ವಾದಕರಾದರು, ಶಿಕ್ಷಕರಾಗಿ ಸಂಸಾರ ನಡೆಸಿದರು. ಆಶ್ರಯ ಕೊಟ್ಟು, ಕಾಯಕ ಕಲಿಸಿ, ಆಮೇಲೆ ಕೈ ಬಿಟ್ಟು ನಡೆಯಲು ಬಿಡುವುದನ್ನು ನಮ್ಮ ಪಠ್ಯಪುಸ್ತಕಗಳು ಪುನರ್ವಸತಿ ಎಂದು ಕರೆಯುತ್ತವೆ.

ಇನ್ನು ಇದು ವಿಶ್ವವಿದ್ಯಾಲಯದ ವಿಷಯವಾದ ಬಗೆ. ಅಮೆರಿಕದಲ್ಲಿ ಮೇರಿ ರಿಚ್ಮಂಡ್ ಎಂಬ ಮಹಿಳೆ ಬಡವರ ಮನೆಗಳಿಗೆ ಹೋಗುವ ಕಾರ್ಯಕರ್ತರ ಅನುಭವಗಳನ್ನು ಕೂಡಿಸಿ 1917ರಲ್ಲಿ 'ಸೋಷಿಯಲ್ ಡಯಾಗ್ನೋಸಿಸ್' ಎಂಬ ಪುಸ್ತಕ ತಂದರು. ವೈದ್ಯ ರೋಗ ನಿದಾನ ಮಾಡುವಂತೆ ಕಷ್ಟದ ಕಾರಣವನ್ನೂ ಕ್ರಮವಾಗಿ ಹುಡುಕಬೇಕು ಎಂಬುದು ಅದರ ತಿರುಳು. ನಮ್ಮ ದೇಶದಲ್ಲಿ 1926ರಲ್ಲಿ ಮುಂಬಯಿಯ ನಾಗಪಾಡಾ ಬಡಾವಣೆಯಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಒಂದು ಸೇವಾ ಕೇಂದ್ರ ತೆರೆದರು. ಒಳ್ಳೆಯ ಮನಸ್ಸಿನವರು ಬರುತ್ತಿದ್ದರು, ತರಬೇತಾದವರು ಸಿಗುತ್ತಿರಲಿಲ್ಲ. 1936ರಲ್ಲಿ ಟಾಟಾ ಟ್ರಸ್ಟಿನ ನೆರವಿನಿಂದ ಸಮಾಜಕಾರ್ಯದ ಶಾಲೆ ಶುರುವಾಯಿತು. ಇವತ್ತು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದು ಹೆಸರಾಗಿರುವುದು ಅದೇ. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಆರಂಭವಾಯಿತು. ನಮಗೆ ಹತ್ತಿರದ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗವಿದೆ. ಗದುಗಿನ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ 2016ರ ಕಾಯ್ದೆಯ ಮೂಲಕ ಒಂದು ವಿಶ್ವವಿದ್ಯಾಲಯ ಬಂದಿದೆ. ಕಲಿಯಲು ನೀವು ಮುಂಬಯಿಗೆ ಹೋಗಬೇಕಾದ ಕಾಲ ಹೋಯಿತು.

ಎಂ.ಎಸ್.ಡಬ್ಲ್ಯು.ದಲ್ಲಿ ಏನು ಕಲಿಸುತ್ತಾರೆ? ತರಗತಿಯ ಪಾಠದಷ್ಟೇ ಮಹತ್ವ ಕ್ಷೇತ್ರಕಾರ್ಯಕ್ಕಿದೆ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಆಸ್ಪತ್ರೆ, ಬಾಲಮಂದಿರ, ಪಂಚಾಯತಿ ಅಥವಾ ಕೊಳೆಗೇರಿಯಲ್ಲಿ ಕೆಲಸ ಮಾಡಬೇಕು. ಮಾಡಿದ್ದನ್ನು ಬರೆದು ತೋರಿಸಬೇಕು. ಮುಖ್ಯ ವಿಧಾನಗಳು ಮೂರು: ವ್ಯಕ್ತಿಯೊಂದಿಗೆ ಕೆಲಸ, ಗುಂಪಿನೊಂದಿಗೆ ಕೆಲಸ, ಸಮುದಾಯದೊಂದಿಗೆ ಕೆಲಸ. ನಿಮ್ಮ ಊರುಗಳನ್ನೇ ಇಟ್ಟುಕೊಂಡು ಇವನ್ನು ವಿವರಿಸುತ್ತೇನೆ. ನಾನು ಹೇಳುವ ಮನೆಗಳು ಯಾರದೋ ಒಬ್ಬರ ಮನೆಯಲ್ಲ. ತಿಳಿಯಲಿ ಎಂದು ಕಲ್ಪಿಸಿದವು.

ಲಕ್ಷ್ಮೇಶ್ವರ ತಾಲೂಕಿನ ಒಂದು ಹಳ್ಳಿ. ಒಂಬತ್ತನೆಯ ತರಗತಿಯ ಹುಡುಗಿಗೆ ಮದುವೆ ಗೊತ್ತಾಗಿದೆ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡುತ್ತಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅಧಿಕಾರಿಗಳು ಬಂದು ಮದುವೆ ನಿಲ್ಲಿಸುತ್ತಾರೆ. ಜೀಪು ಹೊರಟು ಹೋಗುತ್ತದೆ. ಆ ರಾತ್ರಿ ಆ ಮನೆಯಲ್ಲಿ ಏನಾಗುತ್ತದೆ? ಚಪ್ಪರದ ಖರ್ಚು ಹೋಯಿತು, ಊರಲ್ಲಿ ಮಾನ ಹೋಯಿತು, ಇದಕ್ಕೆಲ್ಲ ನೀನೇ ಕಾರಣ ಎಂದು ಎಲ್ಲರೂ ಹುಡುಗಿಯ ಮೇಲೆ ಬೀಳುತ್ತಾರೆ. ಮದುವೆ ನಿಲ್ಲಿಸುವುದು ಒಂದು ದಿನದ ಕೆಲಸ. ಹುಡುಗಿಯನ್ನು ಶಾಲೆಯಲ್ಲಿ ಉಳಿಸುವುದು ಮೂರು ವರ್ಷದ ಕೆಲಸ. ಆ ಮೂರು ವರ್ಷ ತಂದೆಯೊಂದಿಗೆ ಕುಳಿತು ಮಾತಾಡುವವರು, ವಿದ್ಯಾರ್ಥಿನಿಲಯದಲ್ಲಿ ಸೀಟು ಕೊಡಿಸುವವರು, 'ನಿನ್ನ ತಪ್ಪಿಲ್ಲ' ಎಂದು ಹುಡುಗಿಗೆ ಹೇಳುವವರು ಬೇಕು. ವ್ಯಕ್ತಿಯೊಂದಿಗೆ ಕೆಲಸ ಎಂದರೆ ಇದು.

ಮುಂಡರಗಿ ಕಡೆಯ ಇನ್ನೊಂದು ಮನೆ. ಇಪ್ಪತ್ತೆರಡರ ಹುಡುಗ ತನ್ನಷ್ಟಕ್ಕೆ ತಾನು ಮಾತಾಡುತ್ತಾನೆ, ಯಾರೋ ಕೊಲ್ಲಲು ಬರುತ್ತಾರೆ ಎಂದು ಓಡುತ್ತಾನೆ. ಗಾಳಿ ಸೋಂಕಿದೆ ಎಂದು ಮನೆಯವರು ಊರೂರು ತಿರುಗಿಸಿ ಹೊಲದ ಮೇಲೆ ಸಾಲ ಮಾಡಿದ್ದಾರೆ. ಇದಕ್ಕೆ ಔಷಧವಿದೆ ಎಂಬುದನ್ನು ಹಳ್ಳಿಯ ಮಟ್ಟದಲ್ಲಿ ತೋರಿಸಿಕೊಟ್ಟ ಪ್ರಯೋಗ ನಡೆದದ್ದು ಬೇರೆಲ್ಲೋ ಅಲ್ಲ, ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯಲ್ಲಿ. 1985ರಿಂದ ನಿಮ್ಹಾನ್ಸ್ ತಂಡ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟಿತು. ದೊಡ್ಡಾಸ್ಪತ್ರೆಗೆ ಹೋಗದೆಯೇ ಮಾನಸಿಕ ರೋಗಕ್ಕೆ ಚಿಕಿತ್ಸೆ ಸಾಧ್ಯವೆಂದು ಗೊತ್ತಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ 'ಬಳ್ಳಾರಿ ಮಾದರಿ'ಯೇ ಬುನಾದಿ. ಈಗ 14416 ಎಂಬ ಟೆಲಿಮಾನಸ್ ಸಹಾಯವಾಣಿಯೂ ಇದೆ. ಗುಳಿಗೆ ಬರೆದು ಕೊಡುವುದು ವೈದ್ಯರ ಕೆಲಸ. ಗುಳಿಗೆ ನಡುವೆ ನಿಲ್ಲಬಾರದು ಎಂದು ತಾಯಿಗೆ ತಿಳಿಸುವುದು, ಸರಪಳಿ ಬಿಚ್ಚಿಸುವುದು, ಚೇತರಿಸಿಕೊಂಡ ಹುಡುಗನಿಗೆ ಮತ್ತೆ ಕೆಲಸ ಕೊಡಲು ಊರನ್ನು ಒಪ್ಪಿಸುವುದು ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಕೆಲಸ.

ಬೆಟಗೇರಿಗೆ ಬನ್ನಿ. ನೇಕಾರರ ಓಣಿಯಲ್ಲಿ ಹತ್ತು ಹೆಣ್ಣುಮಕ್ಕಳು ಕಿರುಸಾಲ ತೆಗೆದಿದ್ದಾರೆ. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ, ಅದನ್ನು ತೀರಿಸಲು ಮತ್ತೊಂದು. ಪ್ರತಿಯೊಬ್ಬಳೂ ತನ್ನ ಸಾಲವನ್ನು ಪಕ್ಕದ ಮನೆಯಿಂದ ಮುಚ್ಚಿಡುತ್ತಾಳೆ. ಒಬ್ಬೊಬ್ಬರಿಗೆ ಸಾವಿರ ರೂಪಾಯಿ ಕೊಟ್ಟರೆ ಆ ವಾರ ದಾಟುತ್ತದೆ. ಅವರನ್ನು ಒಟ್ಟಿಗೆ ಕೂಡಿಸಿ, ಭಯ ಬಿಡಿಸಿ, ಯಾರಿಗೆ ಎಷ್ಟು ಬಾಕಿ, ಬಡ್ಡಿ ಎಷ್ಟು ಎಂದು ಅವರೇ ಬರೆಯುವಂತೆ ಮಾಡಿದರೆ ಚಿತ್ರ ಬದಲಾಗುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ. ಒಬ್ಬಳೇ ಇದ್ದಾಗ ಆ ಕಾನೂನು ಇದ್ದೂ ಇಲ್ಲದಂತೆ. ಹತ್ತು ಜನ ಒಟ್ಟಾಗಿ ಹೋದಾಗ ಅದಕ್ಕೆ ಜೀವ ಬರುತ್ತದೆ. ಇದು ಗುಂಪಿನೊಂದಿಗೆ ಕೆಲಸ.

ಮೂರನೆಯದು ಸಮುದಾಯದೊಂದಿಗೆ ಕೆಲಸ. ಶಿರಹಟ್ಟಿ ಭಾಗದ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಗೋವೆಗೆ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳಿವೆ. ಮನೆಗೆ ಬೀಗ ಬೀಳುತ್ತದೆ. ಮಗು ಶಾಲೆ ಬಿಡುತ್ತದೆ, ಇಲ್ಲವೇ ಅಜ್ಜಿಯ ಬಳಿ ಒಂಟಿಯಾಗುತ್ತದೆ. ಇಲ್ಲಿ ಒಂದು ಮನೆಗೆ ಬುದ್ಧಿ ಹೇಳಿ ಫಲವಿಲ್ಲ. ಊರಲ್ಲಿ ಕೆಲಸವಿಲ್ಲದಿರುವುದೇ ಕಾರಣ. ತಾಂಡಾದ ಜನರೇ ಗ್ರಾಮಸಭೆಯಲ್ಲಿ ಎದ್ದು ನಿಂತು ಕೆಲಸ ಕೇಳಬೇಕು, ಮಕ್ಕಳಿಗೆ ಉಳಿಯುವ ವ್ಯವಸ್ಥೆ ಕೇಳಬೇಕು, ಖರ್ಚಿನ ಲೆಕ್ಕ ಕೇಳಬೇಕು. ಜನ ಲೆಕ್ಕ ಕೇಳುವ ಹಕ್ಕನ್ನು 2005ರ ಉದ್ಯೋಗ ಖಾತ್ರಿ ಕಾಯ್ದೆ ಸಾಮಾಜಿಕ ಪರಿಶೋಧನೆ ಎಂಬ ಹೆಸರಿನಲ್ಲಿ ಕಾನೂನಿನಲ್ಲೇ ಬರೆಯಿತು. ಅವರ ಪರವಾಗಿ ನೀವು ಭಾಷಣ ಮಾಡಿದರೆ ನೀವು ಮುಖಂಡರಾಗುತ್ತೀರಿ. ಅವರೇ ಮಾತಾಡುವಂತೆ ಮಾಡಿದರೆ ನೀವು ಸಮಾಜಕಾರ್ಯಕರ್ತರು.

ಜನ ಒಟ್ಟಾಗಿ ನಿಂತರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆ ಕಣ್ಣಾರೆ ಕಂಡಿದೆ. ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ ಫಲವತ್ತಾದ ಭೂಮಿ ವಶಪಡಿಸಿಕೊಳ್ಳಲು ಹೊರಟಾಗ ರೈತರು ಎದ್ದು ನಿಂತರು. ತೋಂಟದ ಡಾ. ಸಿದ್ಧಲಿಂಗ ಸ್ವಾಮೀಜಿಯವರು ಅವರ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಸ್ವಾಮಿಗಳಾದವರು ಬೀದಿಗೆ ಬರಬಹುದೇ ಎಂದು ಕೇಳಿದವರಿಗೆ ಅದು ಉತ್ತರವಾಗಿತ್ತು.

ಈ ಮೂರು ವಿಧಾನಗಳಿಗೂ ಅಡಿಪಾಯವಾದ ನಿಯಮಗಳಿವೆ. ಮೊದಲನೆಯದು ಗೌಪ್ಯ. ಹತ್ತು ನೋಟುಬುಕ್ ಕೊಟ್ಟು ಬಡ ಮಗುವಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುವುದು ಇವತ್ತು ಸೇವೆ ಎನಿಸಿಕೊಂಡಿದೆ. ನಮ್ಮ ವೃತ್ತಿಯಲ್ಲಿ ಅದು ಅಪರಾಧಕ್ಕೆ ಸಮ. ಆ ಮಗು ನಾಳೆ ಕಾಲೇಜಿಗೆ ಹೋಗುತ್ತದೆ, ಆ ಫೋಟೋ ಅದರ ಹಿಂದೆ ಹೋಗುತ್ತದೆ. ಎರಡನೆಯದು, ನಿರ್ಧಾರ ಅವರದು. ಗಂಡನ ಮನೆ ಬಿಡಬೇಕೋ ಬೇಡವೋ ಎಂಬುದನ್ನು ಆ ಹೆಣ್ಣುಮಗಳು ತೀರ್ಮಾನಿಸಬೇಕು. ದಾರಿಗಳನ್ನೂ ಅಪಾಯಗಳನ್ನೂ ತಿಳಿಸುವುದು ನಿಮ್ಮ ಕೆಲಸ. ಮೂರನೆಯದು, ತೀರ್ಪು ಕೊಡಬಾರದು. ದೇವದಾಸಿ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳಿಗೆ ಅರ್ಜಿಯ 'ತಂದೆಯ ಹೆಸರು' ಎಂಬ ಸಾಲು ಇವತ್ತೂ ಚುಚ್ಚುತ್ತದೆ. ಅವರ ಮನೆ ಬಾಗಿಲಲ್ಲಿ ಮೂಗು ಮುರಿಯುವವರು ಈ ಓದಿಗೆ ಬರಬೇಡಿ. ಕಲ್ಯಾಣದ ಶರಣರು ಸಂಕವ್ವೆಯನ್ನು ತಮ್ಮೊಳಗೆ ಕೂಡಿಸಿಕೊಂಡು ಆಕೆಯ ವಚನವನ್ನೂ ಉಳಿಸಿಕೊಂಡರು. ಒಳಗೆ ಕರೆದ ಮೇಲೆ ಹಳೆಯದನ್ನು ಕೆದಕಲಿಲ್ಲ. ಇನ್ನು ಜಾತಿ. ಯಾವ ಓಣಿಗೂ ಹೋಗಿ ಅಲ್ಲಿಯ ನೀರು ಕುಡಿಯದವನು ಸಮಾಜಕಾರ್ಯದ ಪದವಿ ಪಡೆಯಬಹುದು, ಕೆಲಸ ಮಾಡಲಾರ. ಮನೆಯಲ್ಲಿ ಒಳಪಂಗಡ ನೋಡಿ ಸಂಬಂಧ ಬೆಳೆಸುವ ನಾವು ಹೊರಗೆ ಸಮಾನತೆ ಬೋಧಿಸಿದರೆ ಹಳ್ಳಿಯವರಿಗೆ ಅದು ತಿಳಿಯದೇ ಇರುವುದಿಲ್ಲ.

ಈಗ ಅಜ್ಜನ ಪ್ರಶ್ನೆಗೆ ಬರುತ್ತೇನೆ. ಸೇವೆಗೆ ಪಗಾರ ಸರಿಯೇ?

ಶರಣರು ಕೆಲಸವನ್ನು ಎರಡಾಗಿ ನೋಡಿದರು. ಸತ್ಯಶುದ್ಧವಾಗಿ ದುಡಿದು ಗಳಿಸುವುದು ಕಾಯಕ. ಗಳಿಸಿದ್ದರಲ್ಲಿ ಸಮಾಜಕ್ಕೆ ಸಲ್ಲಿಸುವುದು ದಾಸೋಹ. ದುಡಿಯದೆ ದಾಸೋಹ ಮಾಡಲು ಬರುವುದಿಲ್ಲ. ಮಕ್ಕಳಿಗೆ ಪಾಠ ಹೇಳುವ ಶಿಕ್ಷಕ ಸಂಬಳ ತೆಗೆದುಕೊಂಡರೆ ನಾವು ಮುಖ ಸಿಂಡರಿಸುವುದಿಲ್ಲ. ರೋಗಿಯ ಸೇವೆ ಮಾಡುವ ನರ್ಸಿಗೂ ಸಂಬಳವಿದೆ. ಮನೆ ಒಡೆಯುವುದನ್ನು ತಡೆಯುವವರು ಮಾತ್ರ ಉಪವಾಸ ಇರಬೇಕೇನು? ಸಂಬಳವಿಲ್ಲದ ಸೇವೆ ಉಳ್ಳವರ ಮಕ್ಕಳಿಗೆ ಮಾತ್ರ ಸಾಧ್ಯ. ಕೂಲಿಕಾರನ ಮಗಳು ಸಮಾಜಕಾರ್ಯಕ್ಕೆ ಬರಬೇಕಾದರೆ ತಿಂಗಳ ಪಗಾರ ಬೇಕು. ಮತ್ತು ಕಷ್ಟವನ್ನು ಉಂಡು ಬೆಳೆದ ಅವಳೇ ಈ ಕೆಲಸಕ್ಕೆ ಎಲ್ಲರಿಗಿಂತ ಮೊದಲು ಬೇಕಾದವಳು.

ಹಾಗೆಂದು ಪಗಾರವೇ ಗುರಿಯಾದರೆ ವೃತ್ತಿ ಕೆಡುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳು. ಬಡವರ ಹೆಸರಿನಲ್ಲಿ ಹಣ ಬರುವ ಎಲ್ಲ ಕಚೇರಿಗಳಲ್ಲೂ, ಎಲ್ಲ ಸ್ವಯಂಸೇವಾ ಸಂಸ್ಥೆಗಳಲ್ಲೂ ಒಬ್ಬ ಲಕ್ಕಮ್ಮ ಇರಬೇಕು.

ಕೆಲಸ ಎಲ್ಲಿದೆ ಎಂದು ನೀವು ಕೇಳುತ್ತೀರಿ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕು ಎಂದಾಯಿತು. 2015ರ ಬಾಲನ್ಯಾಯ ಕಾಯ್ದೆಯಡಿ ಜಿಲ್ಲೆಗಳಲ್ಲಿ ಮಕ್ಕಳ ರಕ್ಷಣಾ ಘಟಕಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಹೆಸರಿಸಿದೆ. 2021ರ ಕೇಂದ್ರ ಕಾಯ್ದೆ ವೈದ್ಯಕೀಯ ಸಮಾಜಕಾರ್ಯಕರ್ತರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಸರಾಸರಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಅದನ್ನು ನಿರ್ವಹಿಸುವವರು ಬೇಕು. ಆಸ್ಪತ್ರೆ, ಸಖಿ ಕೇಂದ್ರ, ಸ್ವಯಂಸೇವಾ ಸಂಸ್ಥೆಗಳೂ ಇವೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅನೇಕ ಹುದ್ದೆಗಳು ಗುತ್ತಿಗೆಯವು, ಪಗಾರ ಕಡಿಮೆ. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆ ಎಲ್ಲ ಸಮಾಜಕಾರ್ಯಕರ್ತರಿಗೂ ಒಂದು ಶಾಸನಬದ್ಧ ಮಂಡಳಿ ನಮ್ಮ ದೇಶದಲ್ಲಿಲ್ಲ. ಅದಕ್ಕಾಗಿ ಒತ್ತಾಯಿಸುವುದೂ ನಿಮ್ಮ ತಲೆಮಾರಿನ ಹೊಣೆ.

ಕೊನೆಗೆ ಹಿರಿಯರಲ್ಲಿ ನನ್ನ ವಿನಂತಿ. ನಮ್ಮ ಮಠಗಳು, ನಮ್ಮ ವಿದ್ಯಾಸಂಸ್ಥೆಗಳು ಶಾಲೆ ಕಟ್ಟಿವೆ, ಪ್ರಸಾದನಿಲಯ ನಡೆಸಿವೆ, ಆಸ್ಪತ್ರೆ ತೆರೆದಿವೆ. ಉತ್ತರ ಕರ್ನಾಟಕದ ಹಳ್ಳಿಯ ಹುಡುಗರು ಅಕ್ಷರ ಕಲಿತದ್ದು ಆ ಅನ್ನದಿಂದ. ಆದರೆ ಇನ್ನೂರು ಮಕ್ಕಳಿರುವ ಪ್ರಸಾದನಿಲಯದಲ್ಲಿ ಅಡಿಗೆಯವರಿರುತ್ತಾರೆ, ಮೇಲ್ವಿಚಾರಕರಿರುತ್ತಾರೆ. ರಾತ್ರಿ ಅಳುವ ಮಗು ಯಾರ ಹತ್ತಿರ ಹೋಗಬೇಕು? ಪರೀಕ್ಷೆಯಲ್ಲಿ ನಪಾಸಾಗಿ ಸಾಯುವ ಮಾತಾಡುವ ಹುಡುಗನನ್ನು ಯಾರು ಗುರುತಿಸಬೇಕು? ದೊಡ್ಡವರಿಂದಲೇ ಕಿರುಕುಳವಾದರೆ ಮಗು ಯಾರಿಗೆ ಹೇಳಬೇಕು? ಪ್ರತಿ ಪ್ರಸಾದನಿಲಯಕ್ಕೆ, ಪ್ರತಿ ಆಸ್ಪತ್ರೆಗೆ ತರಬೇತಿ ಪಡೆದ ಒಬ್ಬ ಸಮಾಜಕಾರ್ಯಕರ್ತರನ್ನು, ಸಾಧ್ಯವಾದರೆ ಹೆಣ್ಣುಮಗಳನ್ನು, ಮರ್ಯಾದೆಯ ಸಂಬಳ ಕೊಟ್ಟು ನೇಮಿಸಿಕೊಳ್ಳಿ. ಆಕೆಯ ಮಾತನ್ನು ಆಡಳಿತ ಮಂಡಳಿ ಕೇಳುವಂತೆ ಮಾಡಿ. ಒಂದು ಜಾತ್ರೆಯ ಪಟಾಕಿಯ ಖರ್ಚು ಉಳಿಸಿದರೂ ಇದರಲ್ಲಿ ಎಷ್ಟೋ ಭಾಗ ಆಗುತ್ತದೆ. ದಾಸೋಹ ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಉಂಡು ಎದ್ದವರ ಮಾತು ಕೇಳಲು ಒಬ್ಬರನ್ನು ಕೂಡಿಸಿ ಎನ್ನುತ್ತಿದ್ದೇನೆ.

ವಿದ್ಯಾರ್ಥಿಗಳೇ, ಈ ಓದಿಗೆ ಬರಬೇಕೋ ಬೇಡವೋ ಎಂದು ಇವತ್ತೇ ನಿರ್ಧರಿಸಬೇಡಿ. ಮುಂದಿನ ವಾರ ನಿಮ್ಮ ತಾಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಸುಮ್ಮನೆ ಕುಳಿತು ಬನ್ನಿ. ಯಾರ ಫೋಟೋ ತೆಗೆಯಬೇಡಿ, ಯಾರಿಗೂ ಉಪದೇಶ ಮಾಡಬೇಡಿ. ಚೀಟಿ ಹಿಡಿದು ಯಾವ ಕೋಣೆಗೆ ಹೋಗಬೇಕೆಂದು ತಿಳಿಯದೆ ನಿಂತ ಅಜ್ಜಿಯನ್ನು ನೋಡಿ. ಆಕೆಗೆ ದಾರಿ ತೋರಿಸಿ ಮನೆಗೆ ಬಂದ ಮೇಲೂ, ಆಕೆ ಒಬ್ಬಳೇ ಯಾಕೆ ಬಂದಿದ್ದಳು ಎಂಬ ಪ್ರಶ್ನೆ ನಿಮ್ಮನ್ನು ಬಿಡದಿದ್ದರೆ ಅರ್ಜಿ ಹಾಕಿ. ಓದಲು ಧಾರವಾಡವಿದೆ, ಗದುಗಿದೆ. ಕೆಲಸ ಮಾಡಲು ನಿಮ್ಮ ಊರೇ ಇದೆ.